ಆರು ತಿಂಗಳೊಳಗಿನ ಕೂಸುಗಳು ಹಗಲು ಹೊತ್ತು ಹೇಗೆ ಮಲಗ್ತಾವೆ ಅಂತ ಯಾರಾದ್ರೂ ಬಂದು ನೋಡ್ತೀರಾ?

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತ್ ಸಿಇಓ ಅವ್ರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಮಹಿಳಾ ಮತ್ತು ಮಕ್ಕಳ ಇಲಾಖೆಯವ್ರಿಗೆ, ಹಾಗೇ ದಿನಾ ಬೆಳಿಗ್ಗೆ ಕೂಸನ್ನ ಇನ್ನೊಬ್ಬರ ಮನೇಲಿ ಬಿಟ್ಟು ಕೆಲಸಕ್ಕೆ ಓಡೋ ನಮ್ಮ ಜಿಲ್ಲೆಯ ಎಲ್ಲಾ ತಾಯಂದಿರಿಗೆ,

ನಮಸ್ಕಾರ.

ನಾನು ಕಾರವಾರದವಳು. ನಮ್ಮನೇಲೇ ಮಕ್ಕಳನ್ನ ನೋಡ್ಕೊಳ್ಳೋ ಕೆಲಸ ಮಾಡ್ತೇನೆ. ಬೋರ್ಡ್ ಹಾಕಿಲ್ಲ, ಲೈಸೆನ್ಸ್ ಅಂತ ಏನಿಲ್ಲ, ಕೇರಿಯವ್ರೆಲ್ಲ ಅಕ್ಕಾ ಅಂತ ಕರೀತಾರೆ, ನಂಬಿಕೆ ಮೇಲೆ ಬಿಟ್ಟು ಹೋಗ್ತಾರೆ. ಮೀನು ಮಾರೋರು, ಬಟ್ಟೆ ಅಂಗಡಿಲಿ ಸೇಲ್ಸಿಗೆ ಹೋಗೋರು, ಕಾಂಟ್ರಾಕ್ಟ್ ಮೇಲೆ ಕ್ಲೀನಿಂಗ್ ಕೆಲಸಕ್ಕೆ ಹೋಗೋರು, ಇವರ ಮಕ್ಕಳು ನಮ್ಮನೇಲಿ ಬೆಳಿತಾವೆ. ನನ್ನ ಹಾಗೆ ಕುಮಟಾದಲ್ಲಿ, ಹೊನ್ನಾವರದಲ್ಲಿ, ಭಟ್ಕಳದಲ್ಲಿ, ಘಟ್ಟದ ಮೇಲೆ ಶಿರಸಿ ಸಿದ್ದಾಪುರದಲ್ಲಿ ಎಲ್ಲಾ ಕಡೆ ಹೆಂಗಸರು ಇದ್ದಾರೆ, ಅದು ನಿಮಗೂ ಗೊತ್ತಿರೋದೇ. ನಾನು ಈ ಪತ್ರದಲ್ಲಿ ಕೇಳ್ತಿರೋದು ಒಂದೇ ವಿಷಯ: ನಮ್ಮ ಹತ್ರ ಬಿಡೋ ಎಳೆ ಕೂಸುಗಳನ್ನ ಹೇಗೆ ಮಲಗಿಸ್ಬೇಕು ಅಂತ ನಮಗೆ ಕಲಿಸಿ, ಮತ್ತೆ ಆಗಾಗ ಬಂದು ನೋಡಿ.

ಮಲಗಿಸೋದ್ರಲ್ಲಿ ಕಲಿಯೋಕೆ ಏನುಂಟು, ನಮ್ಮಜ್ಜಿ ಕಾಲದಿಂದ ಮಲಗಿಸಿಲ್ವಾ ಅಂತ ಕೇಳೋರು ಬಹಳ ಜನ ಇದ್ದಾರೆ, ಅದಕ್ಕೇ ಸ್ವಲ್ಪ ಉದ್ದ ಬರೀತಾ ಇದ್ದೇನೆ, ದಯವಿಟ್ಟು ಪೂರ್ತಿ ಓದಿ.

ಸರ್ಕಾರ 2023-24ರ ಬಜೆಟ್‌ನಲ್ಲಿ ಹೇಳಿ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆ ಶುರು ಮಾಡ್ತು, ನರೇಗಾ ಕೆಲಸಕ್ಕೆ ಹೋಗೋರ ಮಕ್ಕಳಿಗೆ ಅಂತ. ಅದು ನಿಜವಾಗ್ಲೂ ಒಳ್ಳೆ ಕೆಲಸ, ಅದ್ರ ಬಗ್ಗೆ ನನಗೆ ಎರಡು ಮಾತಿಲ್ಲ. ಆದ್ರೆ ಅಲ್ಲಿ ತಗೊಳ್ಳೋದು 6 ತಿಂಗಳು ತುಂಬಿದ ಮಕ್ಕಳನ್ನ. ಅಂಗನವಾಡಿಗೆ ಕೂತು ಕಲಿಯೋಕೆ ಬರೋದು 3 ವರ್ಷ ಆದ್ಮೇಲೆ. ಹಾಗಾದ್ರೆ ಮೂರು ತಿಂಗಳ, ನಾಕು ತಿಂಗಳ ಕೂಸು ಎಲ್ಲಿರ್ತದೆ? ಅಜ್ಜಿ ಇದ್ರೆ ಅಜ್ಜಿ ಹತ್ರ, ಇಲ್ಲಾಂದ್ರೆ ನನ್ನಂಥೋರ ಮನೇಲಿ. ಹೆರಿಗೆ ರಜೆ 26 ವಾರ ಉಂಟಲ್ಲ ಅಂತೀರಿ, ಹೌದು, 2017ರಲ್ಲಿ 12 ವಾರದಿಂದ 26ಕ್ಕೆ ಏರಿಸಿದ್ರು, ಆದ್ರೆ ಅದ್ರಲ್ಲಿ 8 ವಾರ ಹೆರಿಗೆಗೆ ಮೊದಲೇ ತಗೊಂಡ್ರೆ ಆಮೇಲೆ ಉಳಿಯೋದು 18 ವಾರ ಅಂದ್ರೆ ಬರೀ ನಾಕು ತಿಂಗಳು ಚಿಲ್ಲರೆ. ಅದೂ ಸಂಬಳದ ನೌಕರಿ ಇದ್ದೋರಿಗೆ. ಮೀನು ಬುಟ್ಟಿ ಹೊತ್ತು ಹೋಗೋಳಿಗೆ ರಜೆ ಯಾರು ಕೊಡ್ತಾರೆ, ಅಡಿಕೆ ಸುಲಿಯೋಕೆ ಹೋಗೋಳಿಗೆ ಯಾರು ಕೊಡ್ತಾರೆ? 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಕ್ರೆಶ್, ಅಂದ್ರೆ ಕೂಸುಗಳನ್ನ ನೋಡ್ಕೊಳ್ಳೋ ಜಾಗ, ಇರ್ಬೇಕು ಅಂತ ಕಾನೂನು ಉಂಟು, ಐದಾರು ಜನ ಇರೋ ಅಂಗಡಿಗೆ ಅದು ಬರೋದೇ ಇಲ್ಲ.

ಈಗ ಮುಖ್ಯ ವಿಷಯ. ಏನೂ ಕಾಯಿಲೆ ಇಲ್ದೆ, ಹಾಲು ಕುಡ್ದು ಆರಾಮಾಗಿ ಮಲಗಿದ ಕೂಸು ನಿದ್ದೆಯಲ್ಲೇ ತೀರಿಹೋಗೋದು ಅಂತ ಒಂದುಂಟು. ಡಾಕ್ಟ್ರುಗಳು ಅದನ್ನ ಸಿಡ್ಸ್ ಅಂತಾರೆ. ನಮ್ಮಲ್ಲಿ ದೃಷ್ಟಿ ತಾಗ್ತು, ಗಾಳಿ ಸೋಕ್ತು, ಹಾಲು ನೆತ್ತಿಗೇರ್ತು ಅಂತ ಹೇಳಿ ಅತ್ತು ಮಣ್ಣು ಮಾಡಿ ಬರ್ತಾರೆ, ಯಾಕೆ ಹೋಯ್ತು ಅಂತ ಯಾರೂ ಪೇಪರ್ ಮೇಲೆ ಬರೆಯಲ್ಲ. ಈ ತರ ಸಾವು 90 ಪರ್ಸೆಂಟ್ ಆಗೋದು ಹುಟ್ಟಿದ ಮೊದಲ 6 ತಿಂಗಳಲ್ಲಿ, ಅದ್ರಲ್ಲೂ ಎರಡರಿಂದ ನಾಕು ತಿಂಗಳ ಮಧ್ಯೆ ಹೆಚ್ಚು. ಅಂದ್ರೆ ನೋಡಿ, ಸರ್ಕಾರದ ಕಣ್ಣು ಬೀಳೋ ಜಾಗಕ್ಕೆ ಕೂಸು ಬರೋದು 6 ತಿಂಗಳ ಮೇಲೆ, ಅಪಾಯ ಇರೋದು ಅದಕ್ಕಿಂತ ಮೊದಲು, ಆ ಹೊತ್ತಲ್ಲಿ ಕೂಸು ಇರೋದು ನಮ್ಮ ಮನೆಗಳಲ್ಲಿ, ನಮಗೆ ಹೇಳಿಕೊಡೋರು ಯಾರೂ ಇಲ್ಲ. ನಾನು ಪತ್ರ ಬರೆಯೋಕೆ ಕಾರಣನೇ ಇದು.

ಇದಕ್ಕೆ ಮದ್ದು ದುಬಾರಿ ಏನಲ್ಲ. ಮೊದಲು ಬೇರೆ ದೇಶಗಳಲ್ಲೂ ಕೂಸನ್ನ ಬೋರಲು ಮಲಗಿಸೋ ರೂಢಿ ಇತ್ತು. 1991ರಲ್ಲಿ ಬ್ರಿಟನ್ನಿನಲ್ಲಿ, 1994ರಲ್ಲಿ ಅಮೆರಿಕದಲ್ಲಿ, ಕೂಸನ್ನ ಅಂಗಾತ ಮಲಗಿಸಿ ಅಂತ ಮನೆ ಮನೆಗೆ ಮುಟ್ಟೋ ಹಾಗೆ ಪ್ರಚಾರ ಮಾಡಿದ್ರು. ಅಮೆರಿಕದಲ್ಲಿ ಹತ್ತು ವರ್ಷ ಆಗೋದ್ರೊಳಗೆ ಈ ಸಾವು ಸುಮಾರು ಅರ್ಧಕ್ಕೆ ಇಳೀತು. ಔಷಧಿ ಅಲ್ಲ, ಮಶೀನ್ ಅಲ್ಲ, ಮುಖ್ಯವಾಗಿ ಮಲಗಿಸೋ ರೀತಿ ಬದಲಾಗಿದ್ದಕ್ಕೆ. ಆಮೇಲೆ ಅಲ್ಲೇ 2000ದಲ್ಲಿ ಡಾಕ್ಟ್ರುಗಳು ಲೆಕ್ಕ ತೆಗೆದಾಗ ಈ ಸಾವುಗಳಲ್ಲಿ ಸುಮಾರು 20 ಪರ್ಸೆಂಟ್ ಆಗಿದ್ದು ಕೂಸು ಬೇರೆಯವರ ಆರೈಕೆಲಿ ಇದ್ದಾಗ ಅಂತ ಗೊತ್ತಾಯ್ತು, ಅದ್ರಲ್ಲೂ ಮೂರರಲ್ಲಿ ಒಂದು ಪಾಲು ಕೂಸನ್ನ ಅಲ್ಲಿ ಬಿಡೋಕೆ ಶುರು ಮಾಡಿದ ಮೊದಲ ವಾರದಲ್ಲೇ. ಇದನ್ನ ಮಗಳು ಓದಿ ಹೇಳಿದಾಗ ನನಗೆ ಎದೆ ಝಲ್ ಅಂದಿತ್ತು. ಯಾಕೆ ಮೊದಲ ವಾರ? ಒಂದು ಕಾರಣ ಏನಂದ್ರೆ ಮನೇಲಿ ಅಂಗಾತ ಮಲಗಿ ರೂಢಿ ಆದ ಕೂಸನ್ನ ನೋಡ್ಕೊಳ್ಳೋಳು ತನ್ನ ರೂಢಿ ಹಾಗೆ ಬೋರಲು ಹಾಕಿಬಿಡ್ತಾಳೆ. ರೂಢಿ ಇಲ್ದ ಕೂಸಿಗೆ ಮುಖ ಹಾಸಿಗೆಗೆ ಒತ್ತಿದಾಗ ಕತ್ತು ಎತ್ತಿ ತಿರುಗಿಸ್ಕೊಳ್ಳೋಕೆ ಬರಲ್ಲ, ಹಾಗಾಗಿ ಅಪಾಯ ಎಷ್ಟೋ ಪಟ್ಟು ಹೆಚ್ಚು.

ಬೋರಲು ಹಾಕಿದ್ರೆ ಒಳ್ಳೆ ನಿದ್ದೆ ಮಾಡ್ತದೆ ಅಂತ ಎಲ್ಲಾ ಅಜ್ಜಿಯರೂ ಹೇಳ್ತಾರೆ. ಅದು ಸುಳ್ಳಲ್ಲ. ಗಾಢ ನಿದ್ದೆ ಬರ್ತದೆ, ಬೇಗ ಏಳಲ್ಲ, ಅಳಲ್ಲ. ಆದ್ರೆ ಉಸಿರು ಕಟ್ಟಿದಾಗ ಕೂಸು ತಟ್ಟನೆ ಎಚ್ಚರ ಆಗ್ಬೇಕಲ್ಲ, ಆ ಎಚ್ಚರ ಆಗೋ ಶಕ್ತಿನೇ ಆಗ ಕಮ್ಮಿ ಆಗಿರ್ತದೆ. ಇನ್ನೊಂದು ಹೆದರಿಕೆ, ಅಂಗಾತ ಮಲಗಿಸಿದ್ರೆ ಕಕ್ಕಿದ ಹಾಲು ಗಂಟಲಲ್ಲಿ ಸಿಕ್ಕಾಕೊಳ್ತದೆ ಅಂತ. ನನಗೂ ಇದೇ ಅನುಮಾನ ಇತ್ತು, ಒಬ್ಬ ಮಕ್ಕಳ ಡಾಕ್ಟ್ರು ಚೀಟಿ ಹಿಂದೆ ಪೆನ್ನಲ್ಲಿ ಗೆರೆ ಎಳೆದು ತೋರಿಸಿದ್ರು: ಕೂಸು ಅಂಗಾತ ಇದ್ದಾಗ ಉಸಿರಿನ ಕೊಳವೆ ಮೇಲಿರ್ತದೆ, ಅನ್ನದ ಕೊಳವೆ ಕೆಳಗಿರ್ತದೆ, ಕಕ್ಕಿದ ಹಾಲು ಕೆಳಗಿನ ಕೊಳವೆಗೇ ವಾಪಸ್ ಇಳೀತದೆ, ಬೋರಲು ಇದ್ದಾಗ ಇದು ಉಲ್ಟಾ ಆಗ್ತದೆ, ಉಸಿರಿನ ಕೊಳವೆನೇ ಕೆಳಗೆ ಬರ್ತದೆ. ಆ ಚೀಟಿ ನಾನು ಇಟ್ಕೊಂಡಿದ್ದೇನೆ, ಹೊಸ ಕೂಸು ಬಂದಾಗ ಅದ್ರ ಅಜ್ಜಿಗೆ ತೋರಿಸ್ತೇನೆ, ಬಾಯಲ್ಲಿ ಹೇಳೋದಕ್ಕಿಂತ ಆ ಗೆರೆ ಬೇಗ ತಲೆಗೆ ಹೋಗ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿದ್ರೂ ಸಾಲದು, ಅಲ್ಲಿಂದ ಬೋರಲು ಬೀಳೋಕೆ ಎಷ್ಟು ಹೊತ್ತು. ಎಚ್ಚರ ಇದ್ದಾಗ ಮಾತ್ರ ನಮ್ಮ ಕಣ್ಣೆದುರು ಬೋರಲು ಹಾಕಿ ಆಡಿಸ್ಬೇಕು, ಕತ್ತು ಗಟ್ಟಿ ಆಗ್ತದೆ. ತಾನಾಗೇ ಆ ಕಡೆ ಈ ಕಡೆ ಎರಡೂ ಕಡೆ ಮಗುಚೋಕೆ ಬಂದ ಮೇಲೆ ನಾವು ಅಂಗಾತ ಮಲಗಿಸಿದ್ರೆ ಸಾಕು, ನಿದ್ದೇಲಿ ಅದೇ ತಿರುಗಿಕೊಂಡ್ರೆ ಎಬ್ಬಿಸಿ ತಿರುಗಿಸೋದು ಬೇಡ.

ಹಾಸಿಗೆ ವಿಷಯ. ನಮ್ಮ ಯಜಮಾನ್ರು ಬಡಗಿ ಕೆಲಸದವ್ರು, ನಮ್ಮನೇಲಿರೋ ತಗ್ಗಿನ ಮಂಚಕ್ಕೆ ಸುತ್ತ ಸರಳು ಹಾಕಿಕೊಟ್ಟಿದ್ದು ಅವರೇ, ಸರಳು ಸರಳಿನ ಮಧ್ಯೆ ಸಂದಿ 6 ಸೆಂಟಿಮೀಟರ್ ದಾಟದ ಹಾಗೆ, ಯಾಕಂದ್ರೆ ಅದಕ್ಕಿಂತ ಹೆಚ್ಚು ಇದ್ರೆ ಕೂಸಿನ ಮೈ ತೂರಿ ತಲೆ ಸಿಕ್ಕಾಕೊಳ್ತದೆ. ಮೇಲೆ ತೆಳ್ಳಗಿನ ನಾರಿನ ಹಾಸಿಗೆ, ಮಂಚದ ಅಂಚಿಗೂ ಹಾಸಿಗೆಗೂ ಬೆರಳು ಹೋಗೋವಷ್ಟೂ ಜಾಗ ಇಲ್ಲ, ರಬ್ಬರ್ ಶೀಟು, ಅದ್ರ ಮೇಲೆ ಹಳೇ ಕಾಟನ್ ಪಂಚೆ ಬಿಗಿಯಾಗಿ ಎಳೆದು ನಾಕೂ ಮೂಲೆ ಕೆಳಗೆ ಸಿಕ್ಕಿಸಿದ್ದು. ಅಷ್ಟೇ. ಅಲ್ಲಿ ದಿಂಬಿಲ್ಲ, ಬೊಂಬೆ ಇಲ್ಲ, ಮೆತ್ತೆ ಇಲ್ಲ. ಅಂಗೈ ಒತ್ತಿ ತೆಗೆದ್ರೆ ಗುಳಿ ಉಳಿಯೋ ಹಾಸಿಗೆ ಕೂಸಿಗೆ ಬೇಡವೇ ಬೇಡ. ಬಹಳ ಮನೆಗಳಲ್ಲಿ ನೋಡ್ತೇನೆ, ತೊಟ್ಟಿಲು ಶಾಸ್ತ್ರಕ್ಕೆ ಯಾರೋ ಗಿಫ್ಟ್ ಕೊಟ್ಟ ಬೇಬಿ ಬೆಡ್ಡು, ಸ್ಪಂಜಿಂದು, ಎರಡು ಕಡೆ ಸಣ್ಣ ಉದ್ದ ದಿಂಬು, ತಲೆಗೆ ಒಂದು ಗುಳಿ ದಿಂಬು, ಮೇಲೆ ಜಿಪ್ಪಿನ ಪರದೆ. ನೋಡೋಕೆ ಚಂದ. ಆದ್ರೆ ಅದ್ರಲ್ಲಿ ಕೂಸಿನ ಮುಖಕ್ಕೆ ಒತ್ತಬಹುದಾದ ಮೆತ್ತನೆ ವಸ್ತು ಎಷ್ಟಿದಾವೆ ಎಣಿಸಿ ನೋಡಿ. ತಾಯಂದಿರು ತಂದ್ರೆ ನಾನು ದಿಂಬೆಲ್ಲ ತೆಗೆದು ಅದ್ರ ಕವರಲ್ಲೇ ಹಾಕಿ ವಾಪಸ್ ಕಳಿಸ್ತೇನೆ, ಬೇಜಾರು ಮಾಡ್ಕೊಂಡೋರೂ ಇದ್ದಾರೆ. ತಲೆ ದುಂಡಗಾಗ್ಲಿ ಅಂತ ಸಾಸಿವೆ ದಿಂಬು ಇಡ್ತಾರಲ್ಲ, ನಿದ್ದೆ ಮಾಡುವಾಗ ಅದೂ ಬೇಡ.

ದುಡ್ಡಿಲ್ಲದ ಮನೇಲಿ ಇದೆಲ್ಲ ಆಗ್ತದಾ ಅಂತ ಕೇಳ್ಬೇಡಿ. ನೆಲದ ಮೇಲೆ ಚಾಪೆ, ಅದ್ರ ಮೇಲೆ ಒಂದು ಕೌದಿ ಸುಕ್ಕಿಲ್ದೆ ಹಾಸಿದ್ರೆ ಅದು ಸಾವಿರಾರು ರೂಪಾಯಿ ಸ್ಪಂಜ್ ಹಾಸಿಗೆಗಿಂತ ಎಷ್ಟೋ ಒಳ್ಳೇದು. ನಮ್ಮಲ್ಲಿ ಮಳೆಗಾಲದಲ್ಲಿ ನೆಲ ಬೆವರ್ತದೆ, ಜರಿ ಇರುವೆ ಬರ್ತಾವೆ, ಅದಕ್ಕೇ ನಾನು ತಗ್ಗಿನ ಮಂಚ ಅಂದಿದ್ದು, ಬೇರೆ ಏನಿಲ್ಲ.

ಇನ್ನು ಜೋಲಿ. ಇದನ್ನ ಬರೆದ್ರೆ ಬೈಸಿಕೊಳ್ತೇನೆ, ಗೊತ್ತು. ಸೀರೆ ಜೋಲಿ ಇಲ್ದ ಮನೆ ನಮ್ಮ ಜಿಲ್ಲೇಲಿ ಸಿಗೋದು ಕಷ್ಟ, ನಾವೆಲ್ಲ ಅದ್ರಲ್ಲೇ ಬೆಳೆದೋರು. ಒಂದೆರಡು ಸಲ ತೂಗಿ ಅಳು ನಿಲ್ಲಿಸೋಕೆ ಅದು ಬೇಕು, ನೀವು ಪಕ್ಕದಲ್ಲೇ ನಿಂತು ತೂಗ್ತಾ ಇದ್ರೆ ನಾನೂ ಏನೂ ಹೇಳಲ್ಲ. ಆದ್ರೆ ಕೂಸನ್ನ ಜೋಲಿಲಿ ಹಾಕಿ ನಾವು ಅಡುಗೆಮನೆ ಸೇರಿಬಿಡ್ತೀವಲ್ಲ, ಅಲ್ಲಿ ಬರೋದು ತೊಂದ್ರೆ. ಜೋಲಿ ಒಳಗೆ ಕೂಸಿನ ಬೆನ್ನು ಬಿಲ್ಲಿನ ಹಾಗೆ ಬಾಗಿರ್ತದೆ, ಗದ್ದ ಎದೆಗೆ ತಾಗಿ ಕೂತಿರ್ತದೆ, ಎಳೆ ಕೂಸಿನ ಉಸಿರಿನ ದಾರಿ ಅಷ್ಟಕ್ಕೇ ಮಡಚಿಕೊಳ್ತದೆ, ಅಳೋಕೂ ದನಿ ಬರಲ್ಲ, ಎರಡೂ ಕಡೆ ಬಟ್ಟೆ ಮುಖಕ್ಕೆ ಹತ್ರ, ಹೊರಗೆ ನಿಂತೋರಿಗೆ ಮುಖನೇ ಕಾಣಲ್ಲ. ಕೂತ ಹಾಗೆ ಇಡೋ ಸ್ವಿಂಗ್, ಕಾರ್ ಸೀಟ್ ಎಲ್ಲದಕ್ಕೂ ಇದೇ ಮಾತು, ಪ್ರಯಾಣಕ್ಕೆ ಸರಿ, ಮಲಗೋಕೆ ಅಲ್ಲ. ಕಣ್ಣು ಮುಚ್ಚಿದ ಕೂಡ್ಲೆ ಎತ್ತಿ ಚಪ್ಪಟೆ ಜಾಗಕ್ಕೆ ಹಾಕಿ. ಮೊದಲ ಮೂರ್ನಾಕು ದಿನ ಎದ್ದು ಅಳ್ತದೆ, ಆಮೇಲೆ ರೂಢಿ ಆಗ್ತದೆ. ಮತ್ತೆ ಜೋಲಿ ಖಾಲಿ ಇದ್ದಾಗ ಗಂಟು ಬಿಚ್ಚಿ ಮೇಲೆ ಹಾಕಿ, ದೊಡ್ಡ ಮಕ್ಕಳು ಅದ್ರಲ್ಲಿ ಸುತ್ತಿ ಆಡೋಕೆ ಹೋಗಿ ಕುತ್ತಿಗೆಗೆ ಬಿಗಿದುಕೊಂಡ ಸುದ್ದಿ ಎಷ್ಟು ಸಲ ಪೇಪರಲ್ಲಿ ಓದಿಲ್ಲ ನಾವು.

ಸೆಕೆ ಮತ್ತೆ ಚಳಿ ಬಗ್ಗೆನೂ ಹೇಳ್ಬೇಕು. ಕೂಸಿಗೆ ಚಳಿ ಆಗ್ತದೆ ಅನ್ನೋ ಭಯ ನಮಗೆ ವಿಪರೀತ, ಅದ್ರಲ್ಲೂ ಆಷಾಢದ ಮಳೇಲಿ, ಶಿರಸಿ ಕಡೆ ಪುಷ್ಯದ ಚಳೀಲಿ. ಕುಲಾವಿ ಹಾಕಿ, ಸ್ವೆಟರ್ ಹಾಕಿ, ಮೇಲೆ ಕಂಬಳಿ ಹೊದ್ದಿಸಿ ಬಾಗಿಲು ಕಿಟಕಿ ಮುಚ್ಚಿಬಿಡ್ತೇವೆ. ಎಳೆ ಕೂಸು ಮೈ ಕಾವನ್ನ ಹೊರಗೆ ಹಾಕೋದು ಮುಖ್ಯವಾಗಿ ತಲೆಯಿಂದ, ಮಲಗಿದಾಗ ಕುಲಾವಿ ಹಾಕಿದ್ರೆ ಆ ದಾರಿ ಮುಚ್ಚಿದ ಹಾಗೆ, ಮೈ ಹೆಚ್ಚು ಕಾಯೋದೂ ಈ ಸಾವಿಗೆ ಒಂದು ಕಾರಣ. ನಮಗೆ ಒಂದು ಬಟ್ಟೆ ಸಾಕಾದ್ರೆ ಕೂಸಿಗೆ ಅದ್ರ ಮೇಲೆ ಇನ್ನೊಂದು, ಅಷ್ಟೇ, ಹೊದಿಕೆ ಬದಲು ಉದ್ದ ತೋಳಿನ ಅಂಗಿ ಹಾಕಿ. ಚಳಿ ಆಗಿದೆಯಾ ಅಂತ ಕೈ ಕಾಲು ಮುಟ್ಟಿ ನೋಡ್ಬೇಡಿ, ಅದು ಯಾವಾಗ್ಲೂ ತಣ್ಣಗೇ ಇರ್ತದೆ, ಕತ್ತಿನ ಹಿಂದೆ ಬೆರಳಿಟ್ಟು ನೋಡಿ, ಬೆವರಿದ್ರೆ ಒಂದು ಬಟ್ಟೆ ತೆಗೀರಿ. ಸ್ನಾನ ಆದ್ಮೇಲೆ ಲೋಬಾನದ ಹೊಗೆ, ಸೊಳ್ಳೆಗೆ ಕಾಯಿಲ್, ಸೌದೆ ಒಲೆ, ಮನೆ ಗಂಡಸರ ಬೀಡಿ, ಇದೆಲ್ಲ ಕೂಸು ಮಲಗೋ ಕೋಣೆಯಿಂದ ಹೊರಗೆ ಹೋಗ್ಲಿ. ಸೊಳ್ಳೆಪರದೆ ಬೇಕೇ ಬೇಕು, ಮುಖಕ್ಕೆ ತಾಗದ ಹಾಗೆ ಎತ್ತರಕ್ಕೆ ಕಟ್ಟಿ. ಕುತ್ತಿಗೆಯ ಕರಿದಾರ, ತಾಯಿತ ಮಲಗಿಸುವಾಗ ತೆಗೆದಿಡಿ, ದೇವರು ಕೋಪ ಮಾಡ್ಕೊಳ್ಳಲ್ಲ, ಎದ್ದ ಮೇಲೆ ಮತ್ತೆ ಕಟ್ಟಿ.

ಒಂದು ಮಾತು ಬರೆಯೋಕೆ ಕಷ್ಟ ಆಗ್ತದೆ, ಆದ್ರೂ ಬರೀತೇನೆ. ಕೂಸು ಮಧ್ಯಾಹ್ನ ಪೂರ್ತಿ ಮಲಗ್ಲಿ ಅಂತ ಕೆಮ್ಮಿನ ಸಿರಪ್ಪು ಒಂದು ಚಮಚ ಕುಡಿಸೋರು ಇದ್ದಾರೆ. ದಯವಿಟ್ಟು ಬೇಡ. ಮಧ್ಯಪ್ರದೇಶದಲ್ಲಿ ಸಿರಪ್ ಕುಡ್ದು ಮಕ್ಕಳು ತೀರಿಹೋದ ಮೇಲೆ 2025ರ ಅಕ್ಟೋಬರಲ್ಲಿ ಕೇಂದ್ರದವ್ರೇ 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿ ಸಿರಪ್ ಬರೆದುಕೊಡಬಾರ್ದು ಅಂತ ಹೇಳಿದ್ದಾರೆ. ಡಾಕ್ಟ್ರೇ ಬರೆದುಕೊಡಬಾರ್ದು ಅಂತ ಇರುವಾಗ ನಾವು ನಿದ್ದೆಗೆ ಅಂತ ಕುಡಿಸೋದು ಎಲ್ಲಿಗೆ ಬಂತು. ಇನ್ನೂ ಒಂದು, ಊಟ ಆದ್ಮೇಲೆ ನಾವೂ ಕೂಸಿನ ಪಕ್ಕ ಸ್ವಲ್ಪ ಅಡ್ಡಾಗ್ತೇವೆ, ಕೂಸನ್ನ ಎದೆ ಮೇಲೆ ಹಾಕ್ಕೊಂಡು ಸೋಫಾದಲ್ಲಿ ಕಣ್ಣು ಮುಚ್ತೇವೆ, ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಎರಡು ವರ್ಷದ ಮಕ್ಕಳ ಜೊತೆ ಒಂದೇ ಚಾಪೇಲಿ ಎಳೆ ಕೂಸನ್ನ ಸಾಲಾಗಿ ಮಲಗಿಸೋದೂ ಬೇಡ, ದೊಡ್ಡದು ನಿದ್ದೇಲಿ ಕಾಲು ಹಾಕ್ತದೆ. ಕೂಸು ಇರೋ ಕೋಣೇಲೇ ನಾವಿರ್ಬೇಕು, ಟೀವಿ ಸೌಂಡ್ ಕಮ್ಮಿ ಇರ್ಲಿ, ಆಗಾಗ ಹತ್ರ ಹೋಗಿ ಎದೆ ಏರಿಳಿಯೋದು ನೋಡ್ಬೇಕು.

ಈಗ ಅಧಿಕಾರಿಗಳಿಗೆ ನಾನು ಕೇಳೋದು. ಇದಕ್ಕೆ ಹೊಸ ಸ್ಕೀಮ್ ಬೇಕಾಗಿಲ್ಲ. ಆಶಾ ಅಕ್ಕಂದಿರು ಹೆರಿಗೆ ಆದ್ಮೇಲೆ 42 ದಿನದ ತನಕ ಮನೆಗೆ ಬರ್ತಾರೆ, ಆಮೇಲೆ 3ನೇ ತಿಂಗಳು, 6ನೇ ತಿಂಗಳು, ಹೀಗೆ 15 ತಿಂಗಳ ತನಕ ಬರ್ತಾರೆ. ಆ 3ನೇ ತಿಂಗಳ ಭೇಟಿಲಿ ತೂಕ, ಎದೆಹಾಲು ಕೇಳೋ ಜೊತೆಗೆ ಎರಡು ಪ್ರಶ್ನೆ ಸೇರಿಸಿ: ನೀನು ಕೆಲಸಕ್ಕೆ ಹೋದಾಗ ಕೂಸನ್ನ ಯಾರು ನೋಡ್ಕೊಳ್ತಾರೆ, ಅಲ್ಲಿ ಹೇಗೆ ಮಲಗಿಸ್ತಾರೆ. ಉತ್ತರ ಬಂದ ಮನೆಗೆ ಆಶಾ ಒಂದು ಸಲ ಹೋಗಿ ಹಾಸಿಗೆ ನೋಡಿ ಬರ್ಲಿ, ಅದಕ್ಕೆ ಅವ್ರಿಗೆ ಪ್ರತ್ಯೇಕ ದುಡ್ಡೂ ಕೊಡಿ, ಈಗಿರೋ ಕೆಲಸನೇ ಅವ್ರಿಗೆ ಹೆಚ್ಚಾಗಿದೆ. ಚುಚ್ಚುಮದ್ದಿಗೆ 6, 10, 14ನೇ ವಾರಕ್ಕೆ ಕೂಸು ಬಂದೇ ಬರ್ತದೆ, ಅಲ್ಲಿ ನರ್ಸಮ್ಮ ಒಂದು ನಿಮಿಷ ಬೊಂಬೆ ಇಟ್ಟು ತೋರಿಸ್ಲಿ. ಕೂಸಿನ ಮನೆ ಕೇರ್‌ಟೇಕರ್‌ಗಳಿಗೆ ಕೊಡೋ ಟ್ರೈನಿಂಗಿಗೆ ನನ್ನಂಥೋರನ್ನೂ ಕರೀರಿ, ಹಿಂದಿನ ಸಾಲಲ್ಲಿ ಕೂತು ಕೇಳಿ ಬರ್ತೇವೆ. ಉಸಿರು ನಿಂತ ಕೂಸಿಗೆ ಎದೆ ಒತ್ತಿ ಬಾಯಿಂದ ಗಾಳಿ ಕೊಡೋದು ಹೇಗೆ ಅಂತ ಕೈಯಲ್ಲಿ ಮಾಡಿಸಿ ಕಲಿಸಿ, ಜೋಯಿಡಾದ ಒಳಗಿನ ಊರಿಗೆ 108 ಬರೋ ತನಕ ಅಲ್ಲಿರೋ ಹೆಂಗಸಿನ ಎರಡು ಕೈ ಬಿಟ್ರೆ ಬೇರೆ ಏನಿರ್ತದೆ?

ನಾನು ಒಂದು ಕಚೇರಿಗೆ ಹೋಗಿ ಇದನ್ನ ಕೇಳಿದ್ದೆ, ಇದು ನಮಗೆ ಬರಲ್ಲ ಅಂದ್ರು, ಅವ್ರು ತೋರಿಸಿದ ಕಚೇರಿಲೂ ಅದೇ ಮಾತು. ಆರೋಗ್ಯ ಒಂದು ಇಲಾಖೆ, ಮಕ್ಕಳು ಒಂದು ಇಲಾಖೆ, ಪಂಚಾಯತಿ ಒಂದು ಇಲಾಖೆ, ಅದಕ್ಕೇ ನಾಲ್ವರ ಹೆಸರಲ್ಲೂ ಬರ್ದಿದ್ದೇನೆ, ಒಂದು ಸಲ ಒಟ್ಟಿಗೆ ಕೂತು ಮಾತಾಡಿ.

ಒಂದೇ ಒಂದು ವಿನಂತಿ, ರೇಡ್ ಮಾಡಿ ಮುಚ್ಚಿಸೋ ದಾರಿ ಹಿಡೀಬೇಡಿ. ನಮ್ಮಂಥೋರ ಬಾಗಿಲು ಮುಚ್ಚಿದ್ರೆ ಆ ಕೂಸುಗಳು ಎಂಟು ವರ್ಷದ ಅಕ್ಕನ ಸೊಂಟಕ್ಕೆ ಹೋಗ್ತಾವೆ, ಆ ಅಕ್ಕನ ಶಾಲೆ ಬಿಟ್ಟುಹೋಗ್ತದೆ. ಹೆಸರು ಬರ್ಕೊಳ್ಳಿ, ಕಲಿಸಿ, ಆಗೋದಾದ್ರೆ ಒಂದು ನಾರಿನ ಹಾಸಿಗೆ ಕೊಡಿಸಿ, ತಪ್ಪಿದ್ರೆ ತಿದ್ದಿ. ಎಲ್ಲಾ ಸರಿಯಾಗಿ ಮಾಡಿದ್ರೂ ಅಪರೂಪಕ್ಕೆ ಒಂದು ಕೂಸು ಹೋಗಬಹುದು, ಆಗ ತಾಯಿನಾಗ್ಲಿ ನೋಡ್ಕೊಂಡೋಳನ್ನಾಗ್ಲಿ ಕೊಂದೋಳ ಹಾಗೆ ನೋಡ್ಬೇಡಿ.

ತಾಯಂದಿರೇ, ತಂಗಿಯರೇ, ನೀವೂ ಕೇಳೋಕೆ ನಾಚಿಕೆ ಪಟ್ಕೋಬೇಡಿ. ಎಷ್ಟು ದುಡ್ಡು, ಎಷ್ಟೊತ್ತಿನ ತನಕ ಅಂತ ಕೇಳ್ತೀರಲ್ಲ, ಹಾಗೇ ಎಲ್ಲಿ ಮಲಗಿಸ್ತೀರಿ ಅಕ್ಕಾ, ತೋರಿಸಿ ಅಂತ ಕೇಳಿ. ಒಳಗೆ ಹೋಗಿ ಹಾಸಿಗೆ ಒತ್ತಿ ನೋಡಿ. ಮನೇಲಿ ಹೇಗೆ ಮಲಗಿಸ್ತೀರೋ ಅಲ್ಲೂ ಹಾಗೇ ಇರ್ಲಿ, ಅಂಗಾತ ಮಾತ್ರ ಅಂತ ಬಾಯಿ ಬಿಟ್ಟು ಹೇಳಿ, ಅಜ್ಜಿಗೂ ಹೇಳಿ. ಕೂಸು ತಿಂಗಳು ತುಂಬೋ ಮೊದಲು ಹುಟ್ಟಿದ್ರೆ, ತೂಕ ಕಮ್ಮಿ ಇದ್ರೆ ಅದನ್ನ ಮರೀದೆ ತಿಳಿಸಿ, ಅಂಥ ಕೂಸಿಗೆ ಅಪಾಯ ಹೆಚ್ಚು. ಆದಷ್ಟು ಮೊದಲ ವಾರ ಪೂರ್ತಿ ದಿನ ಬಿಡ್ಬೇಡಿ, ಎರಡು ಗಂಟೆ, ನಾಕು ಗಂಟೆ ಅಂತ ರೂಢಿ ಮಾಡ್ಸಿ.

ಜೂನ್ 1ರಿಂದ ಜುಲೈ 31ರ ತನಕ ಬೋಟ್ ಬಂದ್. ಆಗಸ್ಟ್ ಬಂದ ಕೂಡ್ಲೆ ಬೈತಖೋಲ ಬಂದರಲ್ಲಿ ಮೀನು ಇಳೀತದೆ, ಆ ಎರಡು ತಿಂಗಳು ತಾಯಿ ಜೊತೆ ಇದ್ದ ಕೂಸುಗಳು ಒಂದೇ ವಾರದಲ್ಲಿ ನಮ್ಮ ಬಾಗಿಲಿಗೆ ಬರ್ತಾವೆ. ಘಟ್ಟದ ಮೇಲೆ ಅಡಿಕೆ ಕೊಯ್ಲು ಶುರುವಾದಾಗ ಇದೇ ಕತೆ. ಹಾಗಾಗಿ ಜುಲೈ ಮುಗಿಯೋದ್ರೊಳಗೆ ಒಂದು ಪುಟದ ಚಿತ್ರ ಪ್ರಿಂಟ್ ಮಾಡ್ಸಿ ಆಶಾ ಅಕ್ಕಂದಿರ ಕೈಲಿ ಕೊಡಿ, ಚಪ್ಪಟೆ ಹಾಸಿಗೆ, ಅದ್ರ ಮೇಲೆ ಅಂಗಾತ ಮಲಗಿದ ಕೂಸು, ಪಕ್ಕದಲ್ಲಿ ಏನೂ ಇಲ್ಲ, ಅಷ್ಟೇ ಇರ್ಲಿ, ಅಕ್ಷರ ಓದೋಕೆ ಬರದೋರಿಗೂ ಅರ್ಥ ಆಗ್ತದೆ, ಕನ್ನಡ ಕೊಂಕಣಿ ಯಾವುದು ಮಾತಾಡೋರಿಗೂ ಆಗ್ತದೆ. ಕಾರವಾರದ ಕೇರಿಗಳಲ್ಲಿ ಹಂಚೋಕೆ ಜನ ಸಾಲದಿದ್ರೆ ನಾನು ಬರ್ತೇನೆ, ಮಧ್ಯಾಹ್ನ ಬಿಟ್ಟು ಯಾವ ಹೊತ್ತಿಗೆ ಕರೆದ್ರೂ ಬರ್ತೇನೆ, ಮಧ್ಯಾಹ್ನ ಕೂಸುಗಳು ಮಲಗಿರ್ತಾವೆ.

ಇಂತಿ,
ಮಕ್ಕಳನ್ನ ನೋಡ್ಕೊಳ್ಳೋ ಒಬ್ಬ ಅಕ್ಕ
ಕಾರವಾರ